ಮುರಿದ ಪ್ಲಾಸ್ಟಿಕ್ ತಾನಾಗಿಯೇ ಕೂಡಿಕೊಳ್ಳುತ್ತದೆಯೇ?

ಪ್ಲಾಸ್ಟಿಕ್ ಬಕೆಟ್ ಬಿರುಕು ಬಿಟ್ಟರೆ ಅದನ್ನು ರಿಪೇರಿ ಮಾಡುವವರು ಕೆಲವು ಊರುಗಳಲ್ಲಿ ಇಂದಿಗೂ ಸಿಗುತ್ತಾರೆ. ಕಾದ ಕಬ್ಬಿಣದ ಸಲಾಕೆಯನ್ನು ಬಿರುಕಿನ ಮೇಲೆ ಎಳೆದು, ಹಳೆಯ ಪ್ಲಾಸ್ಟಿಕ್ ತುಂಡೊಂದನ್ನು ಕರಗಿಸಿ ಅದರ ಮೇಲೆ ಮೆತ್ತಿ, ಐದು ನಿಮಿಷದಲ್ಲಿ ಬಕೆಟ್ ವಾಪಸ್ ಕೊಡುತ್ತಾರೆ. ಅವರ ಬಳಿಗೇ ಮುರಿದ ಕುಕ್ಕರ್ ಹಿಡಿಯನ್ನು ಒಯ್ದರೆ ಮಾತ್ರ ತಲೆಯಾಡಿಸುತ್ತಾರೆ. ಆ ಹಿಡಿಯನ್ನು ಎಷ್ಟು ಕಾಯಿಸಿದರೂ ಅದು ಕರಗುವುದಿಲ್ಲ. ಇನ್ನೂ ಕಾಯಿಸಿದರೆ ಕರಟಿ ಹೋಗುತ್ತದೆ. ಅಂಗಡಿಯಿಂದ ಹೊಸ ಹಿಡಿ ತಂದು ಸ್ಕ್ರೂ ಹಾಕುವುದೊಂದೇ ದಾರಿ.

ನಮ್ಮ ಮಾತಿನಲ್ಲಿ ಎರಡೂ ಪ್ಲಾಸ್ಟಿಕ್ಕೇ. ಹಾಗಿದ್ದೂ ಒಂದನ್ನು ಬೆಸೆಯಬಹುದು, ಇನ್ನೊಂದನ್ನು ಬೆಸೆಯಲಾಗುವುದಿಲ್ಲ. ಈ ವ್ಯತ್ಯಾಸದ ಹಿಂದಿನ ಕಾರಣ ಗೊತ್ತಾದರೆ, ಈಚೆಗೆ ಸುದ್ದಿಯಲ್ಲೂ ಜಾಹೀರಾತಿನಲ್ಲೂ ಪದೇ ಪದೇ ಕೇಳಿಬರುವ ಒಂದು ಮಾತನ್ನು ಅಳೆದು ನೋಡಬಹುದು: 'ತನ್ನ ಗಾಯವನ್ನು ತಾನೇ ವಾಸಿ ಮಾಡಿಕೊಳ್ಳುವ ಪ್ಲಾಸ್ಟಿಕ್ ಬಂದಿದೆ.' ಇದು ಎಷ್ಟು ನಿಜ? ಅದು ಹೇಗೆ ಕೆಲಸ ಮಾಡುತ್ತದೆ? ಕಾರಿನ ಮೇಲೆ ಹಚ್ಚುವ 'ಸೆಲ್ಫ್ ಹೀಲಿಂಗ್' ಫಿಲ್ಮಿಗೂ ಪ್ರಯೋಗಾಲಯದ ಈ ಪ್ಲಾಸ್ಟಿಕ್‌ಗೂ ಸಂಬಂಧವಿದೆಯೇ? ಒಂದೊಂದಾಗಿ ನೋಡೋಣ.

ಬೆಲ್ಲದಂಥ ಪ್ಲಾಸ್ಟಿಕ್, ದೋಸೆಯಂಥ ಪ್ಲಾಸ್ಟಿಕ್

ಪ್ಲಾಸ್ಟಿಕ್‌ಗಳು ಪಾಲಿಮರ್‌ಗಳಿಂದ ಆಗಿರುತ್ತವೆ. ಪಾಲಿಮರ್ ಎಂದರೆ ಒಂದೇ ಬಗೆಯ ಪುಟ್ಟ ಅಣುಗಳು ಸಾವಿರಾರು ಸಂಖ್ಯೆಯಲ್ಲಿ ಸಾಲಾಗಿ ಕೈಹಿಡಿದು ನಿಂತ ಉದ್ದನೆಯ ಸರಪಳಿ. ಬಕೆಟ್ಟಿನಲ್ಲಿ ಈ ಸರಪಳಿಗಳು ತಟ್ಟೆಯಲ್ಲಿನ ಶಾವಿಗೆಯ ಹಾಗೆ ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆ, ಆದರೆ ಒಂದಕ್ಕೊಂದು ಗಂಟು ಹಾಕಿಕೊಂಡಿರುವುದಿಲ್ಲ. ಕಾಯಿಸಿದರೆ ಜಾರುತ್ತವೆ, ತಣಿದರೆ ನಿಲ್ಲುತ್ತವೆ. ಬೆಲ್ಲವನ್ನು ಕರಗಿಸಿ ಮತ್ತೆ ಅಚ್ಚಿಗೆ ಹೊಯ್ದ ಹಾಗೆ. ಇವು ಥರ್ಮೋಪ್ಲಾಸ್ಟಿಕ್‌ಗಳು.

ಕುಕ್ಕರ್ ಹಿಡಿಯಲ್ಲಿ ಕಥೆ ಬೇರೆ. ಅಲ್ಲಿ ಒಂದು ಸರಪಳಿಗೂ ಇನ್ನೊಂದಕ್ಕೂ ನಡುವೆ ಗಟ್ಟಿಯಾದ ಅಡ್ಡಬಂಧಗಳಿವೆ. ಇಡೀ ವಸ್ತುವೇ ಒಂದು ದೊಡ್ಡ ಬಲೆ. ಒಮ್ಮೆ ಈ ಬಲೆ ಹೆಣೆದು ಮುಗಿದರೆ ಮತ್ತೆ ಕರಗಿಸಲಾಗದು. ಬೆಂದ ದೋಸೆಯನ್ನು ಮತ್ತೆ ಹಿಟ್ಟು ಮಾಡಲಾಗದಂತೆ. ಇವು ಥರ್ಮೋಸೆಟ್‌ಗಳು. ಬೆಲ್ಜಿಯಂ ಮೂಲದ ಲಿಯೋ ಬೇಕ್‌ಲ್ಯಾಂಡ್ 1907ರಲ್ಲಿ ಅಮೆರಿಕದಲ್ಲಿ ತಯಾರಿಸಿದ ಬೇಕಲೈಟ್ ಈ ಜಾತಿಯ ಹಿರಿಯಣ್ಣ. ಅದಕ್ಕೂ ಮೊದಲೇ, 1839ರಲ್ಲಿ, ಚಾರ್ಲ್ಸ್ ಗುಡ್‌ಇಯರ್ ರಬ್ಬರನ್ನು ಗಂಧಕದ ಜೊತೆ ಕಾಯಿಸಿ ಗಟ್ಟಿಮಾಡುವ ವಿಧಾನ ಕಂಡುಕೊಂಡಿದ್ದರು. ಅಲ್ಲಿ ನಡೆಯುವುದೂ ಇದೇ: ಗಂಧಕವು ರಬ್ಬರಿನ ಸರಪಳಿಗಳ ನಡುವೆ ಸೇತುವೆ ಕಟ್ಟುತ್ತದೆ.

ಈ ಅಡ್ಡಬಂಧಗಳಿಂದ ಲಾಭ ದೊಡ್ಡದು. ವಸ್ತು ಬಿಸಿಗೆ ಬಾಗುವುದಿಲ್ಲ, ಹೊರೆಗೆ ಜಗ್ಗುವುದಿಲ್ಲ. ಟೈರು, ವಿದ್ಯುತ್ ಸ್ವಿಚ್ಚು, ವಿಮಾನದ ಭಾಗಗಳು, ಚಿತ್ರದುರ್ಗ ಮತ್ತು ಗದಗದ ಬೆಟ್ಟಸಾಲುಗಳ ಮೇಲೆ ತಿರುಗುವ ಗಾಳಿಯಂತ್ರಗಳ ರೆಕ್ಕೆಗಳು ಇವೆಲ್ಲಕ್ಕೂ ಅಡ್ಡಬಂಧದ ಪಾಲಿಮರ್‌ಗಳೇ ಬೇಕು. ನಷ್ಟವೂ ಅಷ್ಟೇ ದೊಡ್ಡದು. ಮುರಿದರೆ ಬೆಸುಗೆಯಿಲ್ಲ, ಹಳತಾದರೆ ಕರಗಿಸಿ ಮರುಬಳಕೆಯಿಲ್ಲ. ರಸ್ತೆ ಬದಿಯಲ್ಲಿ ಗುಡ್ಡೆಬಿದ್ದ ಟೈರುಗಳು ಹಾಗೇ ಉಳಿಯಲು ಒಂದು ದೊಡ್ಡ ಕಾರಣ ಅವುಗಳ ಒಳಗಿನ ಈ ರಸಾಯನಶಾಸ್ತ್ರವೇ.

ಹಾಗಾದರೆ ವಿಜ್ಞಾನಿಗಳ ಮುಂದಿದ್ದ ಪ್ರಶ್ನೆ ಇದು: ದೋಸೆಯಷ್ಟು ಸ್ಥಿರವಾಗಿರುವ, ಆದರೆ ಬೇಕೆಂದಾಗ ಬೆಲ್ಲದಂತೆ ವರ್ತಿಸುವ ವಸ್ತು ಸಾಧ್ಯವೇ?

ಹೊಲಿಗೆಯ ಬದಲು ಟಿಚ್ ಬಟನ್

ಉತ್ತರ ಇರುವುದು ಅಡ್ಡಬಂಧದ ಸ್ವರೂಪದಲ್ಲಿ. ಎರಡು ಬಟ್ಟೆಗಳನ್ನು ಹೊಲಿದು ಸೇರಿಸಿದರೆ ಬಿಡಿಸಲು ದಾರ ಕತ್ತರಿಸಬೇಕು. ಕತ್ತರಿಸಿದ ದಾರ ಮತ್ತೆ ಕೂಡುವುದಿಲ್ಲ. ಹೊಲಿಗೆಯ ಜಾಗದಲ್ಲಿ ಟಿಚ್ ಬಟನ್ ಇಟ್ಟರೆ? ಎಳೆದರೆ ಬಿಚ್ಚುತ್ತದೆ, ಒತ್ತಿದರೆ ಕೂಡುತ್ತದೆ. ಅಣುಗಳ ಮಟ್ಟದಲ್ಲೂ ಇಂಥ ಬಟನ್ನುಗಳಿವೆ. ಇವನ್ನು ನಾವು ಈ ಲೇಖನದಲ್ಲಿ 'ಬಿಚ್ಚಿ ಕೂಡುವ ಬಂಧಗಳು' ಎಂದು ಕರೆಯೋಣ. ಇವುಗಳಲ್ಲಿ ಮೂರು ಬಗೆಗಳನ್ನು ತಿಳಿದರೆ ಸಾಕು.

ಮೊದಲನೆಯದು ಹೈಡ್ರೋಜನ್ ಬಂಧ. ಇದು ದುರ್ಬಲ. ಎರಡು ಇಂಗಾಲದ ಪರಮಾಣುಗಳ ನಡುವಿನ ಸಾಮಾನ್ಯ ಬಂಧಕ್ಕೆ ಹೋಲಿಸಿದರೆ ಹತ್ತನೇ ಒಂದು ಭಾಗದಷ್ಟು, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ ಬಲ. ಆದರೆ ಕೋಣೆಯ ಉಷ್ಣಾಂಶದಲ್ಲೇ ಸದಾ ಬಿಚ್ಚುತ್ತ ಕೂಡುತ್ತ ಇರುತ್ತದೆ.

ಎರಡನೆಯದು ಎರಡು ಗಂಧಕದ ಪರಮಾಣುಗಳು ಕೈಹಿಡಿದ ಡೈಸಲ್ಫೈಡ್ ಬಂಧ. ಇದಕ್ಕೆ ಉದಾಹರಣೆ ನಮ್ಮ ತಲೆಯ ಮೇಲೇ ಇದೆ. ಕೂದಲಿನ ಕೆರಟಿನ್ ಎಂಬ ಪ್ರೋಟೀನಿನಲ್ಲಿ ಇಂಥ ಬಂಧಗಳು ಹೇರಳವಾಗಿವೆ.

ಮೂರನೆಯದು ಡೀಲ್ಸ್-ಆಲ್ಡರ್ ಕ್ರಿಯೆಯಿಂದ ಆಗುವ ಬಂಧ. ಜರ್ಮನಿಯ ಆಟೊ ಡೀಲ್ಸ್ ಮತ್ತು ಅವರ ಶಿಷ್ಯ ಕುರ್ಟ್ ಆಲ್ಡರ್ 1928ರಲ್ಲಿ ಇದನ್ನು ವಿವರಿಸಿದರು. 1950ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಫ್ಯೂರಾನ್ ಮತ್ತು ಮೇಲೀಮೈಡ್ ಎಂಬ ಎರಡು ಅಣುಗುಂಪುಗಳು ಹದವಾದ ಬಿಸಿಯಲ್ಲಿ ಕೂಡಿ ಉಂಗುರದಂಥ ರಚನೆಯಾಗುತ್ತವೆ. ಸುಮಾರು 120 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಬಿಚ್ಚಿಕೊಳ್ಳತೊಡಗುತ್ತವೆ. ತಣಿಸಿದರೆ ಮತ್ತೆ ಕೂಡುತ್ತವೆ. ಇದು ಹೈಡ್ರೋಜನ್ ಬಂಧದಂತೆ ದುರ್ಬಲವಲ್ಲ. ಪರಮಾಣುಗಳು ಎಲೆಕ್ಟ್ರಾನ್ ಹಂಚಿಕೊಂಡ ನಿಜವಾದ ಸಹವೇಲೆನ್ಸೀಯ ಬಂಧ.

ಬಿರುಕು ಕೂಡಿಸುವ ಪ್ರಯತ್ನಗಳು

2001ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸ್ಕಾಟ್ ವೈಟ್ ಮತ್ತು ಸಂಗಡಿಗರು ಎಪಾಕ್ಸಿ ರಾಳದೊಳಗೆ ಸೂಕ್ಷ್ಮ ಗುಳಿಗೆಗಳನ್ನು ಬೆರೆಸಿದರು. ಗುಳಿಗೆಯೊಳಗೆ ದ್ರವ, ರಾಳದೊಳಗೆ ಅಲ್ಲಲ್ಲಿ ಕ್ರಿಯಾವರ್ಧಕ. ಬಿರುಕು ಗುಳಿಗೆಯನ್ನು ಸೀಳಿದಾಗ ದ್ರವ ಹರಿದು, ಕ್ರಿಯಾವರ್ಧಕ ತಾಗಿ, ಗಟ್ಟಿಯಾಗಿ ಬಿರುಕನ್ನು ತುಂಬಿತು. ಮುರಿತವನ್ನು ತಡೆಯುವ ಶಕ್ತಿಯಲ್ಲಿ ಶೇ. 75ರಷ್ಟು ಮರಳಿ ಬಂತು. ಗಾಯಕ್ಕೆ ರಕ್ತ ಹರಿದು ಹೆಪ್ಪುಗಟ್ಟುವುದನ್ನು ಇದು ನೆನಪಿಸುತ್ತದೆ. ಆದರೆ ಒಂದು ಮಿತಿ ಇತ್ತು. ಗುಳಿಗೆ ಒಮ್ಮೆ ಖಾಲಿಯಾದರೆ ಮುಗಿಯಿತು. ಅದೇ ಜಾಗ ಎರಡನೇ ಸಲ ಬಿರುಕು ಬಿಟ್ಟರೆ ಅಲ್ಲಿ ಔಷಧ ಉಳಿದಿರುವುದಿಲ್ಲ.

ಮರುವರ್ಷ, 2002ರಲ್ಲಿ, ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಫ್ರೆಡ್ ವುಡ್ಲ್ ಅವರ ತಂಡ ಬೇರೆ ದಾರಿ ಹಿಡಿಯಿತು. ಔಷಧವನ್ನು ಹೊರಗಿನಿಂದ ತುಂಬುವ ಬದಲು ಬಂಧಗಳನ್ನೇ ಬದಲಿಸಿದರು. ಬಲೆಯ ಅಡ್ಡಬಂಧಗಳೆಲ್ಲ ಡೀಲ್ಸ್-ಆಲ್ಡರ್ ಬಟನ್ನುಗಳು. 120 ಡಿಗ್ರಿಗಿಂತ ಮೇಲೆ ಸುಮಾರು ಶೇ. 30ರಷ್ಟು ಬಂಧಗಳು ಬಿಚ್ಚಿದವು, ತಣಿದಾಗ ಮತ್ತೆ ಕೂಡಿದವು. ಕ್ರಿಯಾವರ್ಧಕ ಬೇಡ, ಹೆಚ್ಚುವರಿ ರಾಳ ಬೇಡ. ಒಂದೇ ಜಾಗವನ್ನು ಹಲವು ಸಲ ಬೆಸೆಯಬಹುದಿತ್ತು.

ಇಲ್ಲೊಂದು ಜಾಣತನ ಗಮನಿಸಿ. ವಸ್ತು ಮುರಿಯುವಾಗ ಅದರಲ್ಲಿನ ಅತಿ ದುರ್ಬಲ ಬಂಧಗಳೇ ಮೊದಲು ಕಳಚುತ್ತವೆ. ಬಟನ್ನುಗಳು ಉಳಿದ ಬಂಧಗಳಿಗಿಂತ ಸ್ವಲ್ಪ ದುರ್ಬಲವಾಗಿರುವಂತೆ ಮಾಡಿದರೆ ಬಿರುಕು ಆ ಬಟನ್ನುಗಳ ಸಾಲಿನಲ್ಲೇ ಸಾಗುತ್ತದೆ. ಆಗ ಬಿರುಕಿನ ಎರಡೂ ಗೋಡೆಗಳ ಮೇಲೆ ಮತ್ತೆ ಕೂಡಲು ಸಿದ್ಧವಿರುವ ತುದಿಗಳು ಉಳಿಯುತ್ತವೆ.

2008ರಲ್ಲಿ ಪ್ಯಾರಿಸ್‌ನಲ್ಲಿ ಲುಡ್ವಿಕ್ ಲೈಬ್ಲರ್ ಅವರ ತಂಡ ಹೈಡ್ರೋಜನ್ ಬಂಧಗಳಿಂದಲೇ ಒಂದು ರಬ್ಬರ್ ಮಾಡಿತು. ಕಚ್ಚಾವಸ್ತು ಸಸ್ಯಜನ್ಯ ಎಣ್ಣೆಯಿಂದ ಬಂದ ಕೊಬ್ಬಿನಾಮ್ಲಗಳು ಮತ್ತು ಯೂರಿಯಾ. ಕತ್ತರಿಸಿದ ತುಂಡುಗಳನ್ನು ಕೋಣೆಯ ಉಷ್ಣಾಂಶದಲ್ಲೇ ಒತ್ತಿ ಹಿಡಿದರೆ ಕೂಡುತ್ತಿದ್ದವು, ಬಿಸಿ ಬೇಕಿರಲಿಲ್ಲ. ಆದರೆ ತುಂಡುಗಳನ್ನು ತುಂಬ ಹೊತ್ತು ಬೇರೆ ಬೇರೆ ಇಟ್ಟು ಆಮೇಲೆ ಒತ್ತಿದರೆ ಅಷ್ಟು ಚೆನ್ನಾಗಿ ಕೂಡುತ್ತಿರಲಿಲ್ಲ. ಕಾರಣ, ಜೋಡಿ ಕಳೆದುಕೊಂಡ ತುದಿಗಳು ಕಾಯುತ್ತ ಕೂರುವುದಿಲ್ಲ. ತಮ್ಮದೇ ಮೇಲ್ಮೈಯಲ್ಲಿ ಬೇರೆ ಜೋಡಿ ಹುಡುಕಿಕೊಳ್ಳುತ್ತವೆ. ಚಪಾತಿ ಹಿಟ್ಟಿನ ಎರಡು ಉಂಡೆಗಳನ್ನು ಕೂಡಲೇ ಒತ್ತಿದರೆ ಒಂದಾಗುತ್ತವೆ, ಮೇಲ್ಮೈ ಒಣಗಿದ ಮೇಲೆ ಒತ್ತಿದರೆ ಗೆರೆ ಉಳಿಯುತ್ತದೆ. ಕಾರಣ ಬೇರೆಯಾದರೂ ಫಲ ಹೆಚ್ಚುಕಡಿಮೆ ಹಾಗೇ.

ನಿಜವಾದ ತೊಡಕು: ಬಿರುಕಿನ ಅಂತರ

ಮೇಲಿನ ಕಥೆಗಳಲ್ಲಿ ಒಂದು ಮಾತು ಸದ್ದಿಲ್ಲದೆ ಬಂದು ಹೋಯಿತು: 'ಒತ್ತಿ ಹಿಡಿದರೆ'. ಒತ್ತಿ ಹಿಡಿಯುವವರು ಯಾರು?

ಇಂಗಾಲದ ಎರಡು ಪರಮಾಣುಗಳ ನಡುವಿನ ಬಂಧದ ಉದ್ದ ಸುಮಾರು 0.15 ನ್ಯಾನೋಮೀಟರ್. ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು, ಅಂದರೆ ತಲೆಗೂದಲಿಗಿಂತಲೂ ತೆಳ್ಳಗಿನ ಬಿರುಕು ಎಂದರೆ 10,000 ನ್ಯಾನೋಮೀಟರ್. ಬಂಧದ ಉದ್ದಕ್ಕಿಂತ 60 ಸಾವಿರ ಪಟ್ಟಿಗೂ ಹೆಚ್ಚು. ಬಂಧಗಳಿಗೆ ಇಷ್ಟು ದೂರ ಕೈಚಾಚಲು ಆಗುವುದಿಲ್ಲ. ನದಿಯ ಎರಡು ದಡಗಳಲ್ಲಿ ನಿಂತವರು ಕೈಕುಲುಕಲಾಗದಂತೆ, ಬಟನ್ನುಗಳು ಎಷ್ಟೇ ಒಳ್ಳೆಯವಾದರೂ ಬಿರುಕು ತೆರೆದಿದ್ದರೆ ಅವು ನಿರುಪಯೋಗಿ.

ಪ್ರಯೋಗಾಲಯದಲ್ಲಿ ತುಂಡುಗಳನ್ನು ಕೈಯಿಂದಲೋ ಚಿಮ್ಮಟದಿಂದಲೋ ಜೋಡಿಸಬಹುದು. ನೆಲದಿಂದ ನೂರು ಅಡಿ ಮೇಲಿರುವ ಗಾಳಿಯಂತ್ರದ ರೆಕ್ಕೆಯೊಳಗಿನ ಬಿರುಕಿಗೆ ಯಾರು ಒತ್ತಡ ಹಾಕುತ್ತಾರೆ? ದೇಹದೊಳಗೆ ಕೂರಿಸಿದ ಸಾಧನದಲ್ಲಿ? ಆದ್ದರಿಂದ ಸ್ವಯಂ ದುರಸ್ತಿಗೆ ಎರಡು ಹೆಜ್ಜೆ ಬೇಕು. ಮೊದಲು ಬಿರುಕು ಮುಚ್ಚಬೇಕು, ಆಮೇಲೆ ಬಂಧ ಕೂಡಬೇಕು.

ಮೊದಲ ಹೆಜ್ಜೆಗೆ ಬೇರೆ ಬೇರೆ ಶಕ್ತಿಗಳನ್ನು ಬಳಸಿದ್ದಾರೆ. ನಮ್ಮ ದೇಶದ್ದೇ ಒಂದು ಉದಾಹರಣೆ ಇದೆ. 2021ರಲ್ಲಿ ಕೋಲ್ಕತ್ತದ ಐಸರ್ ಸಂಸ್ಥೆಯ ಸಿ. ಮಲ್ಲಾ ರೆಡ್ಡಿ ಮತ್ತು ಖರಗ್‌ಪುರ ಐಐಟಿಯ ವಿಜ್ಞಾನಿಗಳು ಮುರಿದರೆ ತಾವಾಗಿಯೇ ಕೂಡುವ ಸಾವಯವ ಹರಳುಗಳನ್ನು ವರದಿ ಮಾಡಿದರು. ಮುರಿದ ಎರಡು ಮೈಗಳ ಮೇಲೆ ವಿರುದ್ಧ ವಿದ್ಯುದಾವೇಶ ಹುಟ್ಟಿ, ಅವು ಒಂದನ್ನೊಂದು ಸೆಳೆದು ಮಿಲಿಸೆಕೆಂಡುಗಳಲ್ಲಿ ಒಂದಾಗುತ್ತವೆ. ಅವು ಪಾಲಿಮರ್ ಅಲ್ಲ, ಹರಳುಗಳು. ಪಾಲಿಮರ್‌ಗಳಲ್ಲಿ ಬಿರುಕು ಮುಚ್ಚಲು ಸಿಕ್ಕಿರುವ ಒಳ್ಳೆಯ ಉಪಾಯಗಳಲ್ಲಿ ಒಂದು 'ಆಕಾರದ ನೆನಪು'.

ವಸ್ತುವಿಗೆ ನೆನಪು ಇರುತ್ತದೆಯೇ?

ಮಿದುಳಿನ ನೆನಪಿಗೂ ಇದಕ್ಕೂ ಸಂಬಂಧವಿಲ್ಲ. ಮತ್ತೆ ಕೂದಲಿನ ಉದಾಹರಣೆಗೇ ಬರೋಣ. ಗುಂಗುರು ಕೂದಲನ್ನು ಬಿಸಿ ಐರನ್ ಹಾಕಿ ನೆಟ್ಟಗೆ ಮಾಡಿಕೊಂಡು ಮದುವೆ ಮನೆಗೆ ಹೋಗುತ್ತೀರಿ. ಮಳೆಯಲ್ಲಿ ನೆನೆದರೆ ಕೂದಲು ಮತ್ತೆ ಗುಂಗುರಾಗುತ್ತದೆ. ಐರನ್ ಬದಲಿಸಿದ್ದು ಹೈಡ್ರೋಜನ್ ಬಂಧಗಳನ್ನು ಮಾತ್ರ. ನೀರು ತಾಗಿದ ಕೂಡಲೇ ಅವು ಬಿಚ್ಚಿದವು. ಗುಂಗುರು ಆಕಾರವನ್ನು ಕಾಯುತ್ತಿದ್ದ ಡೈಸಲ್ಫೈಡ್ ಬಂಧಗಳು ಒಳಗೆ ಹಾಗೇ ಇದ್ದವು. ಅವು ಕೂದಲನ್ನು ಹಳೆಯ ಆಕಾರಕ್ಕೆ ಎಳೆದವು. ಅದೇ ಪಾರ್ಲರಿನಲ್ಲಿ ಕೂದಲಿಗೆ 'ಪರ್ಮ್' ಮಾಡಿಸಿದರೆ, ಒಂದು ರಾಸಾಯನಿಕ ಡೈಸಲ್ಫೈಡ್ ಬಂಧಗಳನ್ನೇ ಬಿಚ್ಚುತ್ತದೆ. ಕೂದಲನ್ನು ಹೊಸ ಆಕಾರದಲ್ಲಿಟ್ಟು ಇನ್ನೊಂದು ರಾಸಾಯನಿಕದಿಂದ ಅವನ್ನು ಮತ್ತೆ ಕೂಡಿಸುತ್ತಾರೆ. ಆಗ ಮೂಲ ಆಕಾರವೇ ಬದಲಾದಂತಾಯಿತು. ನೆನೆದರೂ ಅದು ಹೋಗುವುದಿಲ್ಲ. ಬೇರಿನಿಂದ ಹುಟ್ಟುವ ಹೊಸ ಕೂದಲು ಮಾತ್ರ ಹಳೆಯ ರೀತಿಯಲ್ಲೇ ಬರುತ್ತದೆ.

ಆಕಾರ ನೆನಪಿನ ಪಾಲಿಮರ್‌ಗಳ ಗುಟ್ಟೂ ಇಷ್ಟೇ: ಎರಡು ಬಗೆಯ ಹಿಡಿತ. ಒಂದು ಶಾಶ್ವತ ಹಿಡಿತ, ಅದು ಮೂಲ ಆಕಾರವನ್ನು ಕಾಯುತ್ತದೆ. ಇನ್ನೊಂದು ತಾತ್ಕಾಲಿಕ ಹಿಡಿತ, ಅದು ನಾವು ಆಮೇಲೆ ಕೊಟ್ಟ ಆಕಾರವನ್ನು ಹಿಡಿದಿಡುತ್ತದೆ. ಬಿಸಿಮಾಡಿ ಎಳೆದು, ಎಳೆದ ಸ್ಥಿತಿಯಲ್ಲೇ ತಣಿಸಿದರೆ ಸರಪಳಿಗಳು ಗಾಜಿನಂತೆ ಸೆಟೆದು ಅಲ್ಲೇ ನಿಲ್ಲುತ್ತವೆ. ಮತ್ತೆ ಬಿಸಿಮಾಡಿದರೆ ಸೆಟೆತ ಸಡಿಲುತ್ತದೆ. ಎಳೆದ ಸರಪಳಿಗಳು ಸುರುಳಿಯಾಗಲು ಹಾತೊರೆಯುತ್ತವೆ. ಬಿಟ್ಟರೆ ಉದ್ದನೆಯ ದಾರ ಮುದುಡಿಕೊಳ್ಳುವಂತೆ, ಅವ್ಯವಸ್ಥಿತವಾಗಿರುವುದೇ ಅವಕ್ಕೆ ಸಹಜ. ವಸ್ತು ಮೂಲ ಆಕಾರಕ್ಕೆ ಮರಳುತ್ತದೆ.

ಎಲೆಕ್ಟ್ರೀಷಿಯನ್ನರು ವೈರಿನ ಜಾಯಿಂಟಿನ ಮೇಲೆ ತೂರಿಸಿ ಬಿಸಿಗಾಳಿ ಹಾಯಿಸುವ ಕೊಳವೆಯನ್ನು ನೀವು ನೋಡಿರಬಹುದು. ಬಿಸಿ ತಾಗಿದ ಕೂಡಲೇ ಅದು ಕುಗ್ಗಿ ವೈರನ್ನು ಬಿಗಿಯಾಗಿ ಅಪ್ಪುತ್ತದೆ. ಅಡ್ಡಬಂಧ ಹಾಕಿದ ಪಾಲಿಥೀನನ್ನು ಹಿಗ್ಗಿಸಿ ತಣಿಸಿಟ್ಟ ಕೊಳವೆ ಅದು. ಆಕಾರ ನೆನಪು ಹೊಸ ಪವಾಡವಲ್ಲ, ದಶಕಗಳಿಂದ ಅಂಗಡಿಯಲ್ಲಿ ಸಿಗುತ್ತಿರುವ ಸಾಮಾನು.

ವೈದ್ಯಕೀಯದಲ್ಲೂ ಇದರ ಪ್ರಯತ್ನ ನಡೆದಿದೆ. 2002ರಲ್ಲಿ ಆಂಡ್ರಿಯಾಸ್ ಲೆಂಡ್ಲೈನ್ ಮತ್ತು ರಾಬರ್ಟ್ ಲ್ಯಾಂಗರ್ ಬಿಸಿ ತಾಗಿದಾಗ ತನ್ನ ಗಂಟನ್ನು ತಾನೇ ಬಿಗಿದುಕೊಳ್ಳುವ, ದೇಹದಲ್ಲಿ ಕಾಲಕ್ರಮೇಣ ಕರಗಿಹೋಗುವ ಹೊಲಿಗೆ ದಾರವನ್ನು ತೋರಿಸಿದರು.

ನೆನಪು ಮತ್ತು ಬೆಸುಗೆ ಕೂಡಿದಾಗ

ಈಗ ಎರಡನ್ನೂ ಜೋಡಿಸಿ ನೋಡಿ. ಬಿರುಕು ಬೀಳುವಾಗ ಅದರ ಸುತ್ತಲಿನ ವಸ್ತು ಎಳೆದು ವಿರೂಪಗೊಂಡಿರುತ್ತದೆ. ವಸ್ತುವಿಗೆ ಆಕಾರ ನೆನಪಿದ್ದರೆ, ಬಿಸಿಮಾಡಿದಾಗ ಆ ಭಾಗ ಮೂಲ ಆಕಾರಕ್ಕೆ ಮರಳಲು ಯತ್ನಿಸುತ್ತದೆ. ಬಿರುಕಿನ ಎರಡು ಗೋಡೆಗಳು ಹತ್ತಿರ ಬರುತ್ತವೆ. ಹೊರಗಿನ ಕೈ ಬೇಡ. ಇನ್ನಷ್ಟು ಬಿಸಿಗೆ ಬಂಧಗಳು ಬಿಚ್ಚಿ, ಸರಪಳಿಗಳು ಆಚೀಚೆ ನುಸುಳಿ, ತಣಿಯುವಾಗ ಮತ್ತೆ ಕೂಡುತ್ತವೆ.

ಅಮೆರಿಕದ ಸಿರಕ್ಯೂಸ್ ವಿಶ್ವವಿದ್ಯಾಲಯದಲ್ಲಿ ಪ್ಯಾಟ್ರಿಕ್ ಮೇಥರ್ ಅವರ ತಂಡ 2011ರಲ್ಲಿ ಈ 'ಮೊದಲು ಮುಚ್ಚು, ಆಮೇಲೆ ಬೆಸೆ' ಕ್ರಮವನ್ನು ಪಾಲಿಕ್ಯಾಪ್ರೋಲ್ಯಾಕ್ಟೋನ್ ಎಂಬ ವಸ್ತುವಿನಲ್ಲಿ ಮಾಡಿ ತೋರಿಸಿತು. ಸುಮಾರು 60 ಡಿಗ್ರಿಯಲ್ಲಿ ಕರಗುವ ಪ್ಲಾಸ್ಟಿಕ್ ಅದು. ಅಡ್ಡಬಂಧವಿರುವ ಸರಪಳಿಗಳು ಬಿರುಕನ್ನು ಮುಚ್ಚಿದವು, ಅಡ್ಡಬಂಧವಿಲ್ಲದ ಬಿಡಿ ಸರಪಳಿಗಳು ಹರಿದು ಬೆಸೆದವು. ಬೆಸುಗೆಯ ಪಾತ್ರವನ್ನು ಬಿಡಿ ಸರಪಳಿಗಳ ಬದಲು ಬಿಚ್ಚಿ ಕೂಡುವ ಬಂಧಗಳಿಗೆ ವಹಿಸಿದ ಪಾಲಿಮರ್‌ಗಳೂ ಹಲವು ಪ್ರಯೋಗಾಲಯಗಳಲ್ಲಿ ತಯಾರಾಗಿವೆ.

ಇಲ್ಲಿ ಒಂದು ಇಕ್ಕಟ್ಟು ಇದೆ. ಆಕಾರದ ನೆನಪನ್ನು ಕಾಯುವುದು ಅಡ್ಡಬಂಧಗಳು. ಬೆಸುಗೆಗಾಗಿ ಬಿಚ್ಚಬೇಕಾದದ್ದೂ ಅಡ್ಡಬಂಧಗಳು. ಎಲ್ಲವೂ ಒಮ್ಮೆಗೇ ಬಿಚ್ಚಿದರೆ ಬಿರುಕೇನೋ ಬೆಸೆಯಬಹುದು, ಆದರೆ ವಸ್ತು ತನ್ನ ಆಕಾರವನ್ನೇ ಮರೆತು ಮುದ್ದೆಯಾಗುತ್ತದೆ. ಆದ್ದರಿಂದ ಎರಡು ಉಷ್ಣಾಂಶಗಳ ನಡುವೆ ಅಂತರವಿರಬೇಕು. ಕಡಿಮೆ ಬಿಸಿಯಲ್ಲಿ ನೆನಪು ಎಚ್ಚರಗೊಳ್ಳಬೇಕು, ಹೆಚ್ಚಿನ ಬಿಸಿಯಲ್ಲಿ ಬಂಧ ಬಿಚ್ಚಬೇಕು. ಅಷ್ಟೇ ಅಲ್ಲ, ಬಂಧಗಳಲ್ಲಿ ಒಂದು ಪಾಲು ಮಾತ್ರ ಬಿಚ್ಚಿ, ಉಳಿದವು ಚೌಕಟ್ಟನ್ನು ಹಿಡಿದಿರಬೇಕು.

ಕೆಲವರು ಈ ಮರೆವನ್ನೇ ಉಪಯೋಗಕ್ಕೆ ತಂದರು. ಚೀನಾದ ಝೆಜಿಯಾಂಗ್ ವಿಶ್ವವಿದ್ಯಾಲಯದ ಟಾವ್ ಷಿ ಅವರ ತಂಡ 2016ರಲ್ಲಿ ತೋರಿಸಿದ ಪಾಲಿಮರ್‌ನಲ್ಲಿ ಕಡಿಮೆ ಬಿಸಿಗೆ ನೆನಪು ಕೆಲಸ ಮಾಡುತ್ತದೆ, ಹೆಚ್ಚಿನ ಬಿಸಿಗೆ ಬಂಧಗಳು ಅದಲುಬದಲಾಗಿ ಹೊಸ ಶಾಶ್ವತ ಆಕಾರ ಸಿಗುತ್ತದೆ. ಚಪ್ಪಟೆ ಹಾಳೆಯನ್ನು ಕಾಗದದ ದೋಣಿ ಮಡಿಚಿದಂತೆ ಮಡಿಚಿ, ಆ ಮಡಿಕೆಯನ್ನೇ ಅದರ ಮೂಲ ನೆನಪಾಗಿಸಬಹುದು. ಐರನ್ ಹಾಕುವುದಕ್ಕೂ ಪರ್ಮ್ ಮಾಡಿಸುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿ ಎರಡು ಉಷ್ಣಾಂಶಗಳಾಗಿ ಬಂದಿದೆ.

ಬಂಧಗಳು ಪೂರ್ತಿ ಬಿಚ್ಚದೆ ಅದಲುಬದಲಾಗುವ ಈ ಬಗೆಯ ಬಲೆಗಳಿಗೆ ಒಂದು ಹೆಸರಿದೆ: ವಿಟ್ರಿಮರ್. ಇದನ್ನೂ ಲೈಬ್ಲರ್ ತಂಡವೇ 2011ರಲ್ಲಿ ಪರಿಚಯಿಸಿತು. ಕೋಲಾಟದಲ್ಲಿ ಜೋಡಿಗಳು ಬದಲಾಗುತ್ತಲೇ ಇರುತ್ತವೆ, ಆದರೆ ವರ್ತುಲ ಒಡೆಯುವುದಿಲ್ಲ. ವಿಟ್ರಿಮರ್‌ನಲ್ಲೂ ಒಂದು ಬಂಧ ಬಿಡುವ ಹೊತ್ತಿಗೆ ಇನ್ನೊಂದು ಕೂಡಿರುತ್ತದೆ. ಒಟ್ಟು ಬಂಧಗಳ ಸಂಖ್ಯೆ ಕಡಿಮೆಯಾಗುವುದಿಲ್ಲ. ಆದ್ದರಿಂದ ಕಾಯಿಸಿದಾಗ ಅದು ಒಮ್ಮೆಲೇ ನೀರಾಗದೆ, ಕಾದ ಗಾಜಿನಂತೆ ನಿಧಾನವಾಗಿ ಬಾಗುತ್ತದೆ.

ಜಾಹೀರಾತಿನ ಮಾತು, ಅಳತೆಯ ಮಾತು

ಈಗ ಸಾಮಾನ್ಯ ನಂಬಿಕೆಗಳನ್ನು ಒರೆಗೆ ಹಚ್ಚೋಣ.

'ಕಾರಿನ ಫಿಲ್ಮು ಗೀರನ್ನು ತಾನೇ ಬೆಸೆಯುತ್ತದೆ.' ಕಾರಿನ ಬಣ್ಣ ಕಾಪಾಡಲು ಹಚ್ಚುವ ಪಾರದರ್ಶಕ ಪಿಪಿಎಫ್ ಫಿಲ್ಮಿನ ಮೇಲೆ ಸಣ್ಣ ಗೀರು ಎಳೆದು, ಬಿಸಿನೀರು ಸುರಿದು, ಗೀರು ಮಾಯವಾಗುವುದನ್ನು ತೋರಿಸುವ ವಿಡಿಯೋಗಳು ಸುಳ್ಳಲ್ಲ. ಆದರೆ ಅಲ್ಲಿ ಮುಖ್ಯವಾಗಿ ನಡೆಯುವುದು ನಾವು ಹೇಳಿದ ಎರಡು ಹೆಜ್ಜೆಗಳಲ್ಲಿ ಮೊದಲನೆಯದು ಮಾತ್ರ. ಮೃದುವಾದ ಪಾಲಿಯುರಥೇನ್ ಪದರ ಒತ್ತಿಗೊಂಡು ತಗ್ಗಾಗಿತ್ತು, ಬಿಸಿಗೆ ಮರಳಿ ಉಬ್ಬಿತು. ಕೀಲಿಕೈಯಿಂದ ಆಳವಾಗಿ ಗೀರಿ ಫಿಲ್ಮನ್ನೇ ಹರಿದರೆ ಎಷ್ಟು ಬಿಸಿನೀರು ಸುರಿದರೂ ಆ ಹರಿದ ಭಾಗ ಕೂಡುವುದಿಲ್ಲ. ನಿಸಾನ್ ಕಂಪನಿ 2005ರಲ್ಲಿ ಇಂಥ ಬಣ್ಣದ ಲೇಪವನ್ನು ಪ್ರಕಟಿಸಿದಾಗ, ಗೀರಿನ ಆಳ ಮತ್ತು ಸುತ್ತಲಿನ ಉಷ್ಣಾಂಶಕ್ಕೆ ತಕ್ಕಂತೆ ಒಂದು ದಿನದಿಂದ ಒಂದು ವಾರ ಬೇಕಾಗಬಹುದು ಎಂದು ತಾನೇ ಹೇಳಿತ್ತು. 2013ರಲ್ಲಿ ಬಂದ ಎಲ್‌ಜಿ ಜಿ ಫ್ಲೆಕ್ಸ್ ಫೋನಿನ ಹಿಂಬದಿಯೂ ಸಣ್ಣ ಗೀರುಗಳನ್ನಷ್ಟೇ ಅಳಿಸುತ್ತಿತ್ತು. 'ಸೆಲ್ಫ್ ಹೀಲಿಂಗ್' ಎಂಬ ಒಂದೇ ಪದ ಗೀರು ಅಳಿಯುವುದಕ್ಕೂ ತುಂಡಾದದ್ದು ಬೆಸೆಯುವುದಕ್ಕೂ ಬಳಕೆಯಾಗುತ್ತಿರುವುದೇ ಗೊಂದಲದ ಮೂಲ. ದುಡ್ಡು ಕೊಡುವ ಮೊದಲು ಈ ವ್ಯತ್ಯಾಸ ತಿಳಿದಿರಬೇಕು.

'ನಮ್ಮ ಚರ್ಮದಂತೆಯೇ ಇದೂ ವಾಸಿಯಾಗುತ್ತದೆ.' ಚರ್ಮ ಹೊಸ ಜೀವಕೋಶಗಳನ್ನು ಬೆಳೆಸುತ್ತದೆ. ಪಾಲಿಮರ್ ಏನನ್ನೂ ಬೆಳೆಸುವುದಿಲ್ಲ. ಇದ್ದದ್ದನ್ನೇ ಮತ್ತೆ ಜೋಡಿಸುತ್ತದೆ. ಒಂದು ಚೂರು ಕಿತ್ತು ಬಿದ್ದುಹೋಗಿದ್ದರೆ ಆ ಗುಂಡಿ ತುಂಬುವುದಿಲ್ಲ. ಟೈರಿಗೆ ಮೊಳೆ ಚುಚ್ಚಿದ ತೂತು ಮುಚ್ಚುವುದನ್ನು ಊಹಿಸಬಹುದು, ಸವೆದ ಟೈರು ಮತ್ತೆ ದಪ್ಪವಾಗುವುದನ್ನಲ್ಲ.

'ತಾನಾಗಿಯೇ ಎಂದರೆ ಏನೂ ಮಾಡಬೇಕಿಲ್ಲ.' ಡೀಲ್ಸ್-ಆಲ್ಡರ್ ಬಂಧಕ್ಕೆ ನೀರು ಕುದಿಯುವುದಕ್ಕಿಂತ ಹೆಚ್ಚಿನ ಬಿಸಿ ಬೇಕು. ಕೆಲವಕ್ಕೆ ಬೆಳಕು ಬೇಕು, ಕೆಲವಕ್ಕೆ ತೇವ, ಕೆಲವಕ್ಕೆ ಒತ್ತಡ. 2018ರಲ್ಲಿ ಟೋಕಿಯೋ ವಿಶ್ವವಿದ್ಯಾಲಯದ ಟಕುಜೋ ಐಡಾ ಅವರ ತಂಡ ಕೋಣೆಯ ಉಷ್ಣಾಂಶದಲ್ಲೇ ಬೆಸೆಯುವ ಗಟ್ಟಿ, ಗಾಜಿನಂಥ ಪಾಲಿಮರ್ ತೋರಿಸಿದಾಗಲೂ ತುಂಡುಗಳನ್ನು ಒತ್ತಿ ಹಿಡಿಯಬೇಕಿತ್ತು, ಪೂರ್ಣ ಬಲ ಬರಲು ಗಂಟೆಗಳು ಬೇಕಿದ್ದವು.

'ಎಷ್ಟು ಸಲ ಬೇಕಾದರೂ ಬೆಸೆಯಬಹುದು.' ಬಂಧಗಳು ತಾತ್ವಿಕವಾಗಿ ಹಾಗೇ. ಆದರೆ ಪ್ರತಿ ಸಲ ಕಾಯಿಸಿದಾಗಲೂ ಬೇಡದ ಅಡ್ಡಕ್ರಿಯೆಗಳು ನಡೆದು ಕೆಲವು ಬಟನ್ನುಗಳು ಕೆಡುತ್ತವೆ. ಧೂಳು, ಎಣ್ಣೆ, ಗಾಳಿಯ ಆಮ್ಲಜನಕ ಬಿರುಕಿನ ಗೋಡೆಗಳನ್ನು ಮಲಿನ ಮಾಡುತ್ತವೆ. ಪ್ರಯೋಗಾಲಯದ ಶುದ್ಧ ಬ್ಲೇಡಿನಿಂದ ಕತ್ತರಿಸಿದ ಮಾದರಿಗೂ ರಸ್ತೆಯ ಮೇಲೆ ಮೂರು ವರ್ಷ ಓಡಿದ ಟೈರಿಗೂ ವ್ಯತ್ಯಾಸ ಇದ್ದೇ ಇರುತ್ತದೆ.

ಗಟ್ಟಿತನಕ್ಕೂ ಬೆಸುಗೆಗೂ ಜಗಳ

ಇಷ್ಟು ವರ್ಷಗಳ ಸಂಶೋಧನೆ ನಡೆದರೂ ಇಂಥ ವಸ್ತುಗಳು ಮನೆಮನೆಗೆ ಏಕೆ ಬಂದಿಲ್ಲ? ಬೆಲೆ ಒಂದು ಕಾರಣ. ಅದಕ್ಕಿಂತ ಆಳದ ಕಾರಣ ಒಂದಿದೆ. ಬೇಗ ಬೆಸೆಯಬೇಕಾದರೆ ಸರಪಳಿಗಳು ಸುಲಭವಾಗಿ ಚಲಿಸಬೇಕು. ಗಟ್ಟಿಯಾಗಿರಬೇಕಾದರೆ ಅವು ಚಲಿಸಬಾರದು. ಒಂದನ್ನು ಹೆಚ್ಚಿಸಿದರೆ ಇನ್ನೊಂದು ಕಡಿಮೆಯಾಗುತ್ತದೆ. ಕೋಣೆಯ ಉಷ್ಣಾಂಶದಲ್ಲೇ ಬಂಧಗಳು ಸಲೀಸಾಗಿ ಅದಲುಬದಲಾಗುವ ರಬ್ಬರಿನಿಂದ ಟೈರು ಮಾಡಿದರೆ, ರಾತ್ರಿಯಿಡೀ ನಿಂತ ಗಾಡಿಯ ಭಾರಕ್ಕೆ ಟೈರು ನಿಧಾನವಾಗಿ ಹರಿದು ಚಪ್ಪಟೆಯಾಗಬಹುದು. ಹೊರೆಯ ಕೆಳಗೆ ಹೀಗೆ ಮೆಲ್ಲಗೆ ಜಗ್ಗುವುದು ಈ ಕ್ಷೇತ್ರದ ದೊಡ್ಡ ತಲೆನೋವು. ಬಂಧಗಳು ಎಚ್ಚರಗೊಳ್ಳುವ ಉಷ್ಣಾಂಶ ಬಳಕೆಯ ಉಷ್ಣಾಂಶಕ್ಕಿಂತ ಸಾಕಷ್ಟು ಮೇಲಿರಬೇಕು, ಆದರೆ ವಸ್ತು ಸುಟ್ಟುಹೋಗುವ ಬಿಸಿಗಿಂತ ಕೆಳಗಿರಬೇಕು. ಈ ಕಿರಿದಾದ ಕಿಂಡಿಯೊಳಗೆ ಸರಿಯಾದ ಬಂಧ ಹುಡುಕುವುದೇ ರಸಾಯನಶಾಸ್ತ್ರಜ್ಞರ ಕೆಲಸ.

ಇಷ್ಟು ಶ್ರಮ ಏಕೆ?

ಫೋನಿನ ಗೀರು ಅಳಿಸುವುದಕ್ಕಾಗಿ ಮಾತ್ರ ಆಗಿದ್ದರೆ ಈ ಶ್ರಮ ಅತಿಯಾಯಿತು ಎನ್ನಬಹುದಿತ್ತು. ನಿಜವಾದ ಪ್ರಶ್ನೆ ಇರುವುದು ಥರ್ಮೋಸೆಟ್‌ಗಳ ಕೊನೆಯ ದಿನಗಳಲ್ಲಿ. ಗಾಳಿಯಂತ್ರವೊಂದರ ಆಯುಸ್ಸು ಸಾಮಾನ್ಯವಾಗಿ 20ರಿಂದ 25 ವರ್ಷ. ಮೊದಮೊದಲು ನಿಲ್ಲಿಸಿದ ಯಂತ್ರಗಳು ಜಗತ್ತಿನ ಹಲವೆಡೆ ಈಗ ನಿವೃತ್ತಿಯಾಗುತ್ತಿವೆ. ಗೋಪುರದ ಉಕ್ಕು, ತಂತಿಯ ತಾಮ್ರ ಗುಜರಿಗೆ ಹೋಗಿ ಮರುಬಳಕೆಯಾಗುತ್ತವೆ. ಗಾಜಿನ ನಾರು ಮತ್ತು ಎಪಾಕ್ಸಿಯ ರೆಕ್ಕೆಗಳಿಗೆ ಮಾತ್ರ ಸುಲಭದ ದಾರಿಯಿಲ್ಲ. ಅಮೆರಿಕದಲ್ಲಿ ಅವನ್ನು ತುಂಡುಮಾಡಿ ಮಣ್ಣಿನಲ್ಲಿ ಹೂತದ್ದೂ ಉಂಟು. ಶುದ್ಧ ವಿದ್ಯುತ್ತಿಗಾಗಿ ನಿಲ್ಲಿಸಿದ ಯಂತ್ರವೇ ಕೊನೆಗೆ ಕರಗದ ಕಸವಾಗುವುದು ಸಣ್ಣ ವಿಷಯವಲ್ಲ. ಕರ್ನಾಟಕದ ಗಾಳಿಯಂತ್ರಗಳಿಗೂ ಈ ದಿನ ಬಂದೇ ಬರುತ್ತದೆ.

ಬಿಚ್ಚಬಲ್ಲ ಬಂಧಗಳು ಇಲ್ಲಿ ನೆರವಾಗಬಹುದು. 2021ರಲ್ಲಿ ಸೀಮೆನ್ಸ್ ಗಮೆಸಾ ಕಂಪನಿ ಮರುಬಳಕೆಗೆ ಬರುವ ರೆಕ್ಕೆಯನ್ನು ಪ್ರಕಟಿಸಿತು. ಅದರ ರಾಳದಲ್ಲಿನ ಬಂಧಗಳು ಸೌಮ್ಯ ಆಮ್ಲದ ದ್ರಾವಣದಲ್ಲಿ ಬಿಚ್ಚಿಕೊಂಡು, ನಾರನ್ನೂ ರಾಳವನ್ನೂ ಬೇರ್ಪಡಿಸಲು ಸಾಧ್ಯವಾಗುತ್ತದೆ. ಇದು ಸ್ವಯಂ ದುರಸ್ತಿಯಲ್ಲ, ತನ್ನಷ್ಟಕ್ಕೆ ಬೆಸೆಯುವುದೂ ಇಲ್ಲ. ಆದರೆ ವಿಚಾರ ಒಂದೇ ಮನೆತನದ್ದು: ಅಡ್ಡಬಂಧ ಹಾಕುವಾಗಲೇ ಅದನ್ನು ಬಿಚ್ಚುವ ದಾರಿಯನ್ನೂ ಇಟ್ಟುಕೊಳ್ಳುವುದು.

ಹಾಗೆಂದು 'ಬಿಚ್ಚಿ ಕೂಡುವ ಬಂಧವಿರುವುದೆಲ್ಲ ಪರಿಸರಸ್ನೇಹಿ' ಎಂಬ ತೀರ್ಮಾನಕ್ಕೂ ಬರಬಾರದು. ಅದನ್ನು ವಾಪಸ್ ಸಂಗ್ರಹಿಸುವ ವ್ಯವಸ್ಥೆ ಇರಬೇಕು, ಬಿಚ್ಚಲು ಬೇಕಾದ ಬಿಸಿ ಮತ್ತು ರಾಸಾಯನಿಕಗಳ ಲೆಕ್ಕ ಹಾಕಬೇಕು. ಇವಿಲ್ಲದಿದ್ದರೆ ಮರುಬಳಕೆಗೆ ಬರಬಲ್ಲ ಪ್ಲಾಸ್ಟಿಕ್ ಕೂಡ ತಿಪ್ಪೆಗೇ ಸೇರುತ್ತದೆ. ಸುಲಭವಾಗಿ ಕರಗುವ ಕ್ಯಾರಿಬ್ಯಾಗುಗಳು ಚರಂಡಿಯಲ್ಲಿ ಬಿದ್ದಿರುವುದನ್ನು ನಾವು ದಿನವೂ ನೋಡುತ್ತಿದ್ದೇವಲ್ಲ.

ಮುಂದಿನ ಸಲ 'ತಾನೇ ರಿಪೇರಿಯಾಗುವ ಪ್ಲಾಸ್ಟಿಕ್' ಎಂಬ ಸುದ್ದಿ ಅಥವಾ ಜಾಹೀರಾತು ಕಂಡಾಗ ಐದು ಪ್ರಶ್ನೆ ಕೇಳಿ. ಅದು ಅಳಿಸುವುದು ಗೀರನ್ನೋ, ಬೆಸೆಯುವುದು ಮುರಿತವನ್ನೋ? ಬಿರುಕನ್ನು ಮುಚ್ಚುವ ಬಲ ಎಲ್ಲಿಂದ ಬರುತ್ತದೆ? ಎಷ್ಟು ಬಿಸಿ, ಎಷ್ಟು ಹೊತ್ತು ಬೇಕು? ಬೆಸೆದ ಮೇಲೆ ಮೂಲ ಬಲದ ಎಷ್ಟು ಪಾಲು ಉಳಿಯುತ್ತದೆ? ಒಂದೇ ಜಾಗ ಎಷ್ಟು ಸಲ ಬೆಸೆಯಬಲ್ಲದು? ಈ ಐದಕ್ಕೂ ಅಂಕಿಗಳಲ್ಲಿ ಉತ್ತರ ಸಿಕ್ಕರೆ ಅದು ಗಮನಿಸಬೇಕಾದ ಸುದ್ದಿ. ಸಿಗದಿದ್ದರೆ ಬರೀ ವಿಡಿಯೋ ನೋಡಿ ದುಡ್ಡು ಬಿಚ್ಚಬೇಡಿ.